‘4 ನಿಮಿಷ ಸಾಕು’ ಅಂದರೆ ಮೊದಲು ತಲೆ ಎಣಿಸಿ

ಗುರುವಾರ ಬಂತೆಂದರೆ ನಮ್ಮ ಜಿಮ್ಮಿನ ಬೋರ್ಡಿನಲ್ಲಿ ‘ಟಬಾಟಾ’ ಎಂದು ಬರೆದಿರುತ್ತದೆ. 20 ಸೆಕೆಂಡ್ ಜಂಪಿಂಗ್ ಜ್ಯಾಕ್, 10 ಸೆಕೆಂಡ್ ವಿರಾಮ, ಹೀಗೆ 8 ಸಲ. ‘ಈ 4 ನಿಮಿಷ ಒಂದು ಗಂಟೆಗೆ ಸಮ, ಸಂಶೋಧನೆಯಲ್ಲೇ ಇದೆ’ ಎನ್ನುತ್ತಾರೆ ಟ್ರೇನರ್. ಸಂಶೋಧನೆ ಇರುವುದಂತೂ ನಿಜ. ಅದರೊಳಗೆ ಏನಿದೆ ಎಂದು ನೀವೇ ನೋಡಬಹುದು. ಹತ್ತು ನಿಮಿಷದ ಕೆಲಸ.

ಮೊದಲು ಮೂಲ ಹುಡುಕಿ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ ‘ಟಬಾಟಾ 1996’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಜಪಾನಿನ ಇಜುಮಿ ಟಬಾಟಾ ಮತ್ತು ಸಂಗಡಿಗರ ಪ್ರಬಂಧದ ಸಾರಾಂಶ ಪುಕ್ಕಟೆ ಸಿಗುತ್ತದೆ.

ಈಗ ತಲೆ ಎಣಿಸಿ. ಆ ತೀವ್ರ ವ್ಯಾಯಾಮ ಮಾಡಿದವರು 7 ಜನ. ಹೌದು, ಏಳೇ! ಇದರಿಂದ ಏನಾಗುತ್ತದೆ ಎಂದು ಒಂದು ಲೆಕ್ಕ ಹಾಕೋಣ. ಆರು ಜನರ ಫಿಟ್‌ನೆಸ್ ಅಂಕ ತಲಾ 2 ಏರಿತು, ಏಳನೆಯವನದು 16 ಏರಿತು ಎಂದುಕೊಳ್ಳಿ. ಸರಾಸರಿ 4. ಪೇಪರಿನಲ್ಲಿ ಬರುವುದು ಈ 4. ಆದರೆ ಏಳರಲ್ಲಿ ಒಬ್ಬನಿಗೂ 4 ಏರಿಲ್ಲ! ವ್ಯಾಯಾಮದ ಅಧ್ಯಯನಗಳಲ್ಲಿ ಇಂಥ ಪುಟ್ಟ ಗುಂಪುಗಳೇ ಜಾಸ್ತಿ. ವಾರಗಟ್ಟಲೆ ಬಂದು ಬೆವರು ಸುರಿಸುವವರು ಸುಲಭಕ್ಕೆ ಸಿಗುವುದಿಲ್ಲ, ಪಾಪ.

ಆಮೇಲೆ ಅವರು ಯಾರು, ಮಾಡಿದ್ದೇನು ನೋಡಿ. ದೈಹಿಕ ಶಿಕ್ಷಣ ಓದುತ್ತಿದ್ದ ಹುಡುಗರು. ಜಂಪಿಂಗ್ ಜ್ಯಾಕ್ ಅಲ್ಲ, ಲ್ಯಾಬಿನ ಸೈಕಲ್. ತೀವ್ರತೆ ಎಷ್ಟೆಂದರೆ, ದೇಹ ಆಮ್ಲಜನಕ ಬಳಸುವ ಗರಿಷ್ಠ ಮಟ್ಟ ಮುಟ್ಟಲು ಬೇಕಾದ ಶ್ರಮದ ಸುಮಾರು 170%. ಏಳೆಂಟು ಸುತ್ತಿಗೆ ಕಾಲು ಸೋತು ನಿಲ್ಲಬೇಕು. ವಾರಕ್ಕೆ 5 ದಿನ, 6 ವಾರ. ಅದರಲ್ಲೂ ವಾರಕ್ಕೊಂದು ದಿನ 30 ನಿಮಿಷ ಸಾಧಾರಣ ವೇಗದ ಸೈಕಲ್ಲೂ ಇತ್ತು. ಆ ಅರ್ಧ ಗಂಟೆಯ ಸುದ್ದಿಯನ್ನು ನಮ್ಮ ಟ್ರೇನರ್ ಒಮ್ಮೆಯೂ ಎತ್ತಿಲ್ಲ.

ಹೋಲಿಕೆ ಯಾರ ಜೊತೆ? ದಿನಕ್ಕೆ 60 ನಿಮಿಷ ಸಾಧಾರಣವಾಗಿ ತುಳಿದ ಇನ್ನೊಂದು ಗುಂಪಿನ ಜೊತೆ. ಅವರ ಆಮ್ಲಜನಕದ ಅಂಕ, ಅಂದರೆ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ, 53ರಿಂದ 58ಕ್ಕೆ ಏರಿತು. ತೀವ್ರ ಗುಂಪಿನದು 48ರಿಂದ 55ಕ್ಕೆ. 5ಕ್ಕಿಂತ 7 ದೊಡ್ಡದು, ಸರಿ. ಆದರೆ ಕೆಳಗಿನಿಂದ ಶುರು ಮಾಡಿದವರಿಗೆ ಏರಲು ಜಾಗವೂ ಜಾಸ್ತಿ ಅಲ್ವಾ? ಕೊನೆಗೆ ಮುಂದಿದ್ದದ್ದು ಒಂದು ಗಂಟೆಯ ಗುಂಪೇ. ಮೇಲಾಗಿ ಇವು ಎರಡು ಬೇರೆ ಬೇರೆ ಪ್ರಯೋಗಗಳು. ತೀವ್ರ ವ್ಯಾಯಾಮ ಕೆಲಸ ಮಾಡುತ್ತದೆ ಎನ್ನಲು ಇದು ಒಳ್ಳೆಯ ಸುಳಿವು. ‘ಒಂದು ಗಂಟೆಗೆ ಸಮ’ ಎನ್ನಲು ಸಾಲದು.

ಹಾಗಂತ ಜನ ಜಾಸ್ತಿ ಇದ್ದ ಮಾತ್ರಕ್ಕೆ ಸುಮ್ನೆ ನಂಬಬೇಡಿ. ದಿನಕ್ಕೆ 10,000 ಹೆಜ್ಜೆ ಎಂಬುದು ಹುಟ್ಟಿದ್ದು 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ. 2019ರಲ್ಲಿ ಅಮೆರಿಕದ ಸಂಶೋಧಕರು 16,741 ಮಹಿಳೆಯರ ಹೆಜ್ಜೆ ಎಣಿಸಿದರು. ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ 41% ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಲಾಭ ಹೆಚ್ಚಲಿಲ್ಲ. ಆದರೆ ಇದು ಪ್ರಯೋಗವಲ್ಲ, ಇದ್ದದ್ದನ್ನು ಗಮನಿಸಿ ಬರೆದದ್ದು. ಮೈಯಲ್ಲಿ ಹುಷಾರಿಲ್ಲದವರು ಹೇಗೂ ಕಡಿಮೆ ನಡೆಯುತ್ತಾರೆ. ಸಂಶೋಧಕರು ಅದನ್ನು ಲೆಕ್ಕದಲ್ಲಿ ಸರಿದೂಗಿಸಲು ನೋಡುತ್ತಾರೆ, ಆದರೂ ಗಂಟು ಪೂರ್ತಿ ಬಿಚ್ಚುವುದಿಲ್ಲ.

ಗುರುವಾರದ ಟಬಾಟಾ ನಾನೇನೂ ಬಿಟ್ಟಿಲ್ಲ. ಬೇಗ ಮುಗಿಯುತ್ತದೆ. ಮುಗಿದ ಮೇಲೆ ಅರ್ಧ ಗಂಟೆ ಸೈಕಲ್ ತುಳಿದೇ ಮನೆಗೆ ಹೋಗುತ್ತೇನೆ.