ಮಣಿಕಟ್ಟಿನ ನರ ಹೊಲಿದ ಮೇಲೆ: ಮಾತ್ರೆಗಿಂತ ಮೊದಲು ಅಳತೆ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯಿಂದ ಫಿಸಿಯೋಥೆರಪಿಗೆ ಬರುವವರು "ನರ ತುಂಡಾಗಿದೆ" ಅಂದರೆ ನಾನು ಅಲ್ಲಿಗೇ ಬಿಡುವುದಿಲ್ಲ. ನಮ್ಮ ಕನ್ನಡದ ನರ, ಇಲ್ಲಿನ ಮಲಯಾಳದ ಞರಂಬು ಎರಡೂ ರಕ್ತನಾಳಕ್ಕೂ ಸಲ್ಲುವ ಮಾತುಗಳು. ಆಪರೇಷನ್ ಟಿಪ್ಪಣಿ ತರಿಸಿ ಯಾವ ನರ, ಯಾವ ದಿನ ಹೊಲಿದದ್ದು, ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಕೂಡ ಹೊಲಿದಿದ್ದಾರೆಯೇ ಎಂದು ಓದುತ್ತೇನೆ. ಟೆಂಡನ್ ಇದ್ದರೆ ಕ್ರಮವೇ ಬೇರೆ. ಇಲ್ಲಿರುವುದು ಕತ್ತಿ ತಾಗಿ ಮೀಡಿಯನ್ (ಹೆಬ್ಬೆರಳ ಬದಿಯದ್ದು) ಅಥವಾ ಅಲ್ನಾರ್ (ಕಿರುಬೆರಳ ಬದಿಯದ್ದು) ನರ ಮಾತ್ರ ಹೊಲಿಸಿಕೊಂಡ ಕೈಯ ಲೆಕ್ಕ.

ಮೊದಲ 3 ವಾರ ಮಣಿಕಟ್ಟು 20-30 ಡಿಗ್ರಿ ಒಳಕ್ಕೆ ಬಾಗಿದ ಸ್ಪ್ಲಿಂಟಿನಲ್ಲಿ, ಅಂದರೆ ಅಲುಗದಂತೆ ಹಿಡಿಯುವ ಪಟ್ಟಿಯಲ್ಲಿ, ಇರುತ್ತದೆ. ಆಮೇಲೆ ಸರ್ಜನ್ ಒಪ್ಪಿದರೆ ವಾರಕ್ಕೆ ಸುಮಾರು 10 ಡಿಗ್ರಿ ನೇರ ಮಾಡುತ್ತಾ 6ನೇ ವಾರಕ್ಕೆ ಬಿಚ್ಚುತ್ತೇನೆ. ಅವಸರದಲ್ಲಿ ಎಳೆದರೆ ಹೊಲಿದ ತುದಿಗಳು ಬಿಟ್ಟುಕೊಂಡು ನಡುವೆ ಕಲೆಯ ಅಂಗಾಂಶ ತುಂಬುತ್ತದೆ, ಬೆಳೆಯುವ ನರದ ಎಳೆಗಳು ಅಲ್ಲೇ ಗಂಟುಕಟ್ಟುತ್ತವೆ. ಅಲ್ನಾರ್ ಆದರೆ ಕಿರುಬೆರಳು, ಉಂಗುರಬೆರಳು ಪಂಜದಂತೆ ಮಡಚದ ಹಾಗೆ ಅವುಗಳ ಬುಡದ ಗೆಣ್ಣು 30-40 ಡಿಗ್ರಿ ಬಾಗಿರುವಂತೆ ತಡೆಯುವ ಸಣ್ಣ ಸ್ಪ್ಲಿಂಟ್ ಬೇಕು. ತೆಗೆದ ಮೇಲೆ ಚರ್ಮದ ಕೆಂಪು 20 ನಿಮಿಷದಲ್ಲಿ ಮಾಯವಾಗದಿದ್ದರೆ ಆ ಜಾಗ ಒತ್ತುತ್ತಿದೆ ಎಂದರ್ಥ. ಸ್ಪರ್ಶವಿಲ್ಲದ ಕೈ ದೂರು ಹೇಳುವುದಿಲ್ಲ, ನಾವೇ ನೋಡಬೇಕು.

ಗಾಯದಿಂದ ಮುಂದಿನ ಎಳೆಗಳು ಕೆಲವೇ ದಿನಗಳಲ್ಲಿ ಕರಗತೊಡಗಿ ಕೊನೆಗೆ ಖಾಲಿ ಕೊಳವೆ ಉಳಿಯುತ್ತದೆ. ಹೊಸ ಎಳೆ ಅದರೊಳಗೆ ದಿನಕ್ಕೆ ಸುಮಾರು 1 ಮಿ.ಮೀ. ಸಾಗುತ್ತದೆ, ಹೊರಡುವುದಕ್ಕೇ ಸುಮಾರು ಒಂದು ತಿಂಗಳು. ಹಾಗಾಗಿ ತಿಂಗಳಿಗೊಮ್ಮೆ ಟಿನೆಲ್ ಪರೀಕ್ಷೆ: ಬೆರಳ ತುದಿಯ ಕಡೆಯಿಂದ ಗಾಯದ ಕಡೆಗೆ ನರದ ದಾರಿಯಲ್ಲಿ ಮೆಲ್ಲಗೆ ತಟ್ಟುತ್ತಾ ಬರುತ್ತೇನೆ. ಜುಂ ಎಂದು ಬೆರಳಿಗೆ ಹೊಡೆಯುವ ಮೊದಲ ಬಿಂದುವಿಗೆ ಪೆನ್ನಿನ ಗುರುತು, ಹೊಲಿಗೆಯಿಂದ ಅಳತೆ, ಒಂದು ಫೋಟೋ. ತಿಂಗಳಿಗೆ 25-30 ಮಿ.ಮೀ. ಮುಂದೆ ಹೋದರೆ ಸರಿ. ಮಣಿಕಟ್ಟಿನಿಂದ ಬೆರಳ ತುದಿಗೆ 180 ಮಿ.ಮೀ. ಎಂದಿಟ್ಟರೆ ಕಡಿಮೆಯೆಂದರೂ ಏಳು ತಿಂಗಳು. ಇದನ್ನು ಮೊದಲ ದಿನವೇ ಹೇಳಿಬಿಡಬೇಕು, ಇಲ್ಲವಾದರೆ ಮೂರನೇ ತಿಂಗಳಿಗೆ ವೈದ್ಯರನ್ನೇ ಬದಲಿಸುತ್ತಾರೆ.

ಮದ್ದಿನ ವಿಷಯ. ಮೀಥೈಲ್‌ಕೋಬಾಲಮಿನ್ (ಬಿ12ರ ಒಂದು ರೂಪ) 1500 ಮೈಕ್ರೋಗ್ರಾಂ ಮಾತ್ರೆ ಹೆಚ್ಚಿನ ಚೀಟಿಗಳಲ್ಲಿರುತ್ತದೆ. ಇಲಿಗಳ ನರದಲ್ಲಿ ಭಾರೀ ಡೋಸಿನಿಂದ ಬೆಳವಣಿಗೆ ಹೆಚ್ಚಿದ್ದುಂಟು, ಆದರೆ ಕತ್ತರಿಸಿ ಹೊಲಿದ ಮನುಷ್ಯನ ನರದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ಬಿ12 ಕೊರತೆ ಇರುವವರಿಗೆ ಮಾತ್ರ ಅದು ನಿಜವಾದ ಮದ್ದು. ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರು ಇದ್ದರೆ ರಕ್ತ ಪರೀಕ್ಷೆ ಕೇಳುತ್ತೇನೆ. ಆಲ್ಫಾ ಲಿಪೋಯಿಕ್ ಆಸಿಡ್ 600 ಮಿ.ಗ್ರಾಂ. ಹೆಚ್ಚಾಗಿ ಪರೀಕ್ಷೆಗೊಳಗಾದದ್ದು ಸಕ್ಕರೆ ಕಾಯಿಲೆಯ ನರಬೇನೆಯಲ್ಲಿ, ಕತ್ತಿಯ ಗಾಯದಲ್ಲಲ್ಲ. ಪ್ರೆಗಾಬಲಿನ್ ಉರಿ ತಗ್ಗಿಸುತ್ತದೆ, ನರ ಬೆಳೆಸುವುದಿಲ್ಲ. ಎಚ್ಚರ ಬೇಕಾದದ್ದು ಪಿರಿಡಾಕ್ಸಿನ್ ಅಂದರೆ ಬಿ6: ಎರಡು ಮೂರು ಬ್ರಾಂಡಿನ ಮಾತ್ರೆ ಒಟ್ಟಿಗೆ ನುಂಗುವವರಲ್ಲಿ ಅದು ಕೂಡುತ್ತಾ ಹೋಗುತ್ತದೆ, ಅತಿಯಾದರೆ ಸ್ಪರ್ಶದ ನರಗಳನ್ನೇ ಕೆಡಿಸುತ್ತದೆ. ಎಲ್ಲ ಸ್ಟ್ರಿಪ್ ಚೀಲದಲ್ಲಿ ಹಾಕಿ ತನ್ನಿ ಎನ್ನುವುದು ಇದಕ್ಕೇ. ಬೀಡಿ ಸಿಗರೇಟು ಬಿಟ್ಟರೆ ಯಾವ ಮಾತ್ರೆಗೂ ಕಡಿಮೆಯಿಲ್ಲದ ಉಪಕಾರ, ನನ್ನ ಮಟ್ಟಿಗೆ.

ಎಣ್ಣೆ ತಿಕ್ಕುವುದಕ್ಕೆ ನನ್ನ ತಕರಾರಿಲ್ಲ, ಗಾಯ ಪೂರ್ತಿ ಕೂಡಿದ ಮೇಲೆ ಕಲೆಯ ಮೇಲೆ ದಿನಕ್ಕೆರಡು ಸಲ ಐದೈದು ನಿಮಿಷ ಒಳ್ಳೆಯದೇ. ಬಿಸಿ ಕಿಳಿ (ಮದ್ದಿನ ಬಿಸಿ ಗಂಟಿನಿಂದ ಒತ್ತುವುದು) ಮಾತ್ರ ಬೇಡವೇ ಬೇಡ, ಮರಗಟ್ಟಿದ ಚರ್ಮ ಸುಟ್ಟದ್ದು ಗುಳ್ಳೆ ಎದ್ದಾಗಲೇ ಗೊತ್ತಾಗುವುದು. ಚಹಾದ ಸ್ಟೀಲ್ ಲೋಟವನ್ನೂ ಇನ್ನೊಂದು ಕೈಯಲ್ಲೇ ಹಿಡಿಯಬೇಕು.

ಸ್ಪರ್ಶ ಮರಳುವಾಗ ಮುಟ್ಟಿದರೆ ಚುಚ್ಚುತ್ತದೆ. ಆಗ ಆ ಚರ್ಮಕ್ಕೆ ಮುಟ್ಟಿಸಿ ಅಭ್ಯಾಸ ಮಾಡಿಸುವುದು: ಮೊದಲು ಹತ್ತಿ, ಆಮೇಲೆ ಮಲ್ ಬಟ್ಟೆ, ಅಕ್ಕಿ, ಹುರುಳಿ, ಕೊನೆಗೆ ಒಣಗಿದ ಅಡಿಕೆ ಸಿಪ್ಪೆ. ಒಂದು ಸಹಿಸಿದ ಮೇಲೇ ಇನ್ನೊಂದು, 5 ನಿಮಿಷ, ದಿನಕ್ಕೆ 4 ಸಲ. ಆಮೇಲೆ ಕಣ್ಣುಮುಚ್ಚಿ ಅಕ್ಕಿಯೊಳಗಿನ ನಾಣ್ಯ, ಕೀಲಿಕೈ ಹುಡುಕಿಸುತ್ತೇನೆ. ತಪ್ಪಿದರೆ ಕಣ್ಣುಬಿಟ್ಟು ನೋಡಿ ಮತ್ತೆ ಮುಟ್ಟಬೇಕು.

ಟಿನೆಲ್ ಗುರುತು ಮೂರು ತಿಂಗಳು ಒಂದೇ ಕಡೆ ನಿಂತರೆ, ಹೊಲಿಗೆಯ ಮೇಲೆ ತಟ್ಟಿದಾಗಲೇ ಜೋರಾಗಿ ನೋಯುತ್ತಿದ್ದರೆ, ಫೋಟೋಗಳ ಸಮೇತ ಸರ್ಜನ್ ಬಳಿಗೆ ವಾಪಸು. ನರ ತಲುಪದೆ 12-18 ತಿಂಗಳು ಕಳೆದರೆ ಹೆಬ್ಬೆರಳ ಬುಡದ ಸ್ನಾಯು ಬತ್ತಿಹೋಗಿರುತ್ತದೆ, ಮತ್ತೆ ಉಳಿಯುವುದು ಟೆಂಡನ್ ವರ್ಗಾವಣೆ, ಅಂದರೆ ಕೆಲಸ ಮಾಡುವ ಬೇರೆ ಸ್ನಾಯುವಿನ ಟೆಂಡನ್ ತಂದು ಜೋಡಿಸುವ ಆಪರೇಷನ್.