ತೊಡೆ ಮೇಲೆ ಕೂರುವಂಥ ಝೂಮ್ ಲೆನ್ಸ್

ನನ್ನ ತಂಗಿಯ ಮಗಳು ಹಾಕಿ ಆಡುತ್ತಾಳೆ. ಗ್ಯಾಲರಿಯಲ್ಲಿ ಕೂತು ಅವಳ ಫೋಟೋ ತೆಗೆಯೋಣ ಎಂದು ಗೆಳೆಯನಿಂದ ಒಂದು 70-200 ಎಂಎಂ ಎಫ್/2.8 ಲೆನ್ಸ್ ಎರವಲು ತಂದೆ (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದೆ). ಹತ್ತಿರ ಹತ್ತಿರ ಒಂದೂವರೆ ಕಿಲೋ ತೂಕ. ಅರ್ಧ ಆಟ ಮುಗಿಯುವಷ್ಟರಲ್ಲಿ ಎಡಗೈ ಸೋತುಹೋಯಿತು. ಮುಂದಿನ ಸಾಲಿನವರು ಎರಡು ಸಲ ತಿರುಗಿ ನೋಡಿದರು. ಮೂರನೇ ಸಲ "ಸ್ವಲ್ಪ ಹಿಂದೆ ಇಟ್ಕೊಳ್ಳಿ, ತಲೆಗೆ ತಾಗ್ತಿದೆ" ಅಂದರು. ಮುಂದಿನ ಪಂದ್ಯಕ್ಕೆ ಗೇಟಿನಲ್ಲೇ ತಡೆದರು. ಲೆನ್ಸ್ ಅಲ್ಲೇ ಬಿಟ್ಟು ಒಳಗೆ ಹೋದೆ. ಆ ದಿನ ಆಟವನ್ನು ಬರೀ ಕಣ್ಣಲ್ಲಿ ನೋಡಿದೆ. ಅದೂ ಚೆನ್ನಾಗೇ ಇತ್ತು ಅನ್ನಿ.

ಹಾಗಾಗಿ ಲೆನ್ಸ್ ಹುಡುಕುವ ಮೊದಲು ಟಿಕೆಟ್ಟಿನ ನಿಯಮ ಓದಿ. ಕೆಲವು ಕಡೆ ಲೆನ್ಸ್ ಇಷ್ಟು ಇಂಚಿಗಿಂತ ಉದ್ದ ಇರಬಾರದು ಎಂದಿರುತ್ತದೆ. ಕೆಲವು ಕಡೆ ಲೆನ್ಸ್ ಬದಲಿಸುವ ಕ್ಯಾಮೆರಾವನ್ನೇ ಬಿಡುವುದಿಲ್ಲ. ಟ್ರೈಪಾಡ್ ಆಸೆ ಬಿಟ್ಟುಬಿಡಿ.

ಆಮೇಲೆ ಬರುವ ಪ್ರಶ್ನೆ: ಎಷ್ಟು ಎಂಎಂ ಬೇಕು? ಎಲ್ಲರೂ "ಜಾಸ್ತಿ ಇದ್ದಷ್ಟೂ ಒಳ್ಳೇದು" ಅನ್ನುತ್ತಾರೆ. ನಾನು ಸೀಟಿನಿಂದ ಲೆಕ್ಕ ಶುರು ಮಾಡುತ್ತೇನೆ. ಆಟಗಾರರ ಎತ್ತರವನ್ನು ನಿಮ್ಮಿಂದ ಇರುವ ದೂರದಿಂದ ಭಾಗಿಸಿ, ಲೆನ್ಸಿನ ಎಂಎಂನಿಂದ ಗುಣಿಸಿ. ಸೆನ್ಸರ್ ಮೇಲೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ ಮೇಲೆ, ಅವರು ಎಷ್ಟು ಎಂಎಂ ಎತ್ತರ ಬೀಳುತ್ತಾರೆ ಅನ್ನುವುದು ಬರುತ್ತದೆ. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ನಾನು ಕೂರುವುದು ಒಂದು ತುದಿಯ 23 ಮೀಟರ್ ಗೆರೆಯ ನೇರಕ್ಕೆ, ಅಂಚಿನಿಂದ ಹತ್ತು ಮೀಟರ್ ಹಿಂದೆ. ಅಲ್ಲಿಂದ ಹತ್ತಿರದ ಗೋಲು ಸುಮಾರು 45 ಮೀಟರ್, ಆಚೆಯದು ಸುಮಾರು 80. ನಮ್ಮ ಹುಡುಗಿ 1.6 ಮೀಟರ್ ಎತ್ತರ. 200 ಎಂಎಂನಲ್ಲಿ ಹತ್ತಿರದ ಗೋಲಿನ ಮುಂದೆ ಅವಳು 7 ಎಂಎಂ, ಆಚೆ ಗೋಲಿನ ಮುಂದೆ 4 ಎಂಎಂ. 300 ಎಂಎಂನಲ್ಲಿ ಸುಮಾರು 10.5 ಮತ್ತು 6.

ನನ್ನದು ಎಪಿಎಸ್-ಸಿ ಕ್ಯಾಮೆರಾ, ಅಂದರೆ ಮಧ್ಯಮ ಅಳತೆಯ ಸೆನ್ಸರ್ ಇರುವಂಥದ್ದು. ಅದರ ಸೆನ್ಸರ್ ಎತ್ತರ 15.6 ಎಂಎಂ. ಅಂದರೆ 300ರಲ್ಲಿ ಹತ್ತಿರದ ಗೋಲಿನ ಆಟಗಾರ್ತಿ ಚಿತ್ರದ ಮೂರನೇ ಎರಡು ಭಾಗ ತುಂಬುತ್ತಾಳೆ. ಅಷ್ಟು ಸಾಕು, ಅಲ್ವಾ? ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರ್ ಆದರೆ ಎತ್ತರ 24 ಎಂಎಂ, ಅದೇ 300 ಎಂಎಂಗೆ ಅವಳು ಅರ್ಧವೂ ಇಲ್ಲ. 400 ಬೇಕೇ ಬೇಕು. ಮೈಕ್ರೋ ಫೋರ್ ಥರ್ಡ್ಸ್ ಎಂಬ ಇನ್ನೂ ಚಿಕ್ಕ ಸೆನ್ಸರಿನಲ್ಲಿ 13 ಎಂಎಂ, ಹಾಗಾಗಿ ಚಿಕ್ಕ ಲೆನ್ಸಿಗೇ ಕೆಲಸ ಆಗುತ್ತದೆ. ಆಚೆ ಗೋಲಿನ ಚಿಂತೆಯನ್ನು ನಾನು ಬಿಟ್ಟಿದ್ದೇನೆ. ಅರ್ಧ ಆಟ ಆದಮೇಲೆ ತಂಡಗಳು ಕಡೆ ಬದಲಿಸುತ್ತವೆ, ಅವಳೇ ನನ್ನ ಕಡೆ ಬರುತ್ತಾಳೆ.

ಲೆನ್ಸ್ ಎಷ್ಟು ಎಂಎಂನಿಂದ ಶುರುವಾಗುತ್ತದೆ ಅನ್ನುವುದನ್ನೂ ನೋಡಿ. ಇದನ್ನು ಜನ ಮರೆಯುತ್ತಾರೆ. ಅವಳು ಅಂಚಿನ ಗೆರೆಗೆ ಓಡಿಬಂದರೆ ನನ್ನಿಂದ ಹತ್ತೇ ಮೀಟರ್. 100 ಎಂಎಂನಿಂದ ಶುರುವಾಗುವ ಲೆನ್ಸ್ ನನ್ನ ಕ್ಯಾಮೆರಾದಲ್ಲಿ ಕಾಲನ್ನೋ ತಲೆಯನ್ನೋ ಕತ್ತರಿಸುತ್ತದೆ. 70ರಿಂದ ಶುರುವಾದರೆ ಸ್ಟಿಕ್‌ಗೂ ಜಾಗ ಸಿಗುತ್ತದೆ.

ಈಗ ಬೆಳಕು. ಪುಟ್ಟ ಲೆನ್ಸಿನ ಬಡತನ ಇರುವುದು ಇಲ್ಲೇ. ಓಟ ನಿಲ್ಲಿಸಿ ಹಿಡಿಯಲು ಶಟರ್ ಸೆಕೆಂಡಿನ 1/1000 ಮಾತ್ರ ತೆರೆದಿರಬೇಕು. ಬಿಸಿಲಿದ್ದರೆ ಎಫ್/6.3 ಆದರೂ ತೊಂದರೆಯಿಲ್ಲ. ದೀಪದ ಬೆಳಕಲ್ಲಿ ಹಾಗಲ್ಲ, ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಐಎಸ್‌ಒ ಸಂಖ್ಯೆಯನ್ನು ಏರಿಸಬೇಕು. ಎಫ್/2.8ರಲ್ಲಿ ಐಎಸ್‌ಒ 1600 ಸಾಕಾಗುವ ಕಡೆ ಎಫ್/5.6ಕ್ಕೆ 6400 ಬೇಕು, ಎಫ್/8ಕ್ಕೆ 12800. ನಾನು ರಾತ್ರಿ 1/640ಕ್ಕೆ ಇಳಿದು, ಚಿತ್ರದಲ್ಲಿ ಬರುವ ಕಾಳುಕಾಳನ್ನು ಒಪ್ಪಿಕೊಳ್ಳುತ್ತೇನೆ. ಸ್ಟಿಕ್ಕಿನ ತುದಿ ಸ್ವಲ್ಪ ಕಲಸಿದರೆ ಕಲಸಲಿ. ನೀವು ನೋಡುವುದೆಲ್ಲ ಒಳಾಂಗಣದ ಬ್ಯಾಡ್ಮಿಂಟನ್ ಆದರೆ ಮಾತೇ ಬೇರೆ. ಕೋರ್ಟು 13.4 ಮೀಟರ್ ಅಷ್ಟೇ. ಮುಂದಿನ ಸಾಲಲ್ಲಿ ಕೂತರೆ 300 ದಂಡ, ಎಫ್/2.8 ಹುಡುಕಿ. ಮೈಕ್ರೋ ಫೋರ್ ಥರ್ಡ್ಸ್‌ಗೆ ಪ್ಯಾನಸಾನಿಕ್‌ನ 35-100 ಎಂಎಂ ಎಫ್/2.8 ಇದೆ, 360 ಗ್ರಾಂ ಅಷ್ಟೇ.

ಹೊರಾಂಗಣಕ್ಕೆ ನಾನು ಪಟ್ಟಿ ಮಾಡಿಕೊಂಡವು ಇವು. ಕ್ಯಾನನ್‌ನ ಹಳೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದವರಿಗೆ 55-250 ಎಸ್‌ಟಿಎಂ, 375 ಗ್ರಾಂ. ಕನ್ನಡಿ ಇಲ್ಲದ ಕ್ಯಾನನ್ ಮಿರರ್‌ಲೆಸ್‌ಗೆ ಆರ್‌ಎಫ್ 100-400, 635 ಗ್ರಾಂ. ಆದರೆ 400ರ ತುದಿಯಲ್ಲಿ ಎಫ್/8. ಫ್ಯೂಜಿಫಿಲ್ಮ್‌ನ 70-300, 580 ಗ್ರಾಂ. ಸೋನಿ ಎಪಿಎಸ್-ಸಿಗೆ 70-350, 625 ಗ್ರಾಂ. ಕೊನೆಗೆ ನಾನು ಕೊಂಡದ್ದು ಇದನ್ನೇ. ಸೋನಿಗೇ ಹಾಕುವ ಟ್ಯಾಮ್ರಾನ್ 70-300 ಇನ್ನೂ ಹಗುರ, 545 ಗ್ರಾಂ. ಅದರಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲ, ಹಾಗಾಗಿ ಅದು ಕ್ಯಾಮೆರಾದಲ್ಲಿದ್ದರೆ ಒಳ್ಳೆಯದು. ಅಂದಹಾಗೆ, ಆ ವ್ಯವಸ್ಥೆ ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ. ಓಡುವ ಆಟಗಾರರನ್ನು ಅದು ನಿಲ್ಲಿಸುವುದಿಲ್ಲ, ಅದಕ್ಕೆ ಶಟರ್ ಸ್ಪೀಡೇ ಗತಿ.

ಕಾಗದದ ಮೇಲಿನ ಅಂಕಿ ಇಷ್ಟು ಹೇಳುತ್ತದೆ. ಉಳಿದದ್ದನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಅಂಗಡಿಯಲ್ಲಿ ನಿಂತು ನೋಡಬೇಡಿ, ಕುರ್ಚಿ ಕೇಳಿ. ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಗ್ಯಾಲರಿಯಲ್ಲಿ ಸಿಗುವ ಜಾಗ ಅಷ್ಟೇ. ಈಗ ಝೂಮ್ ರಿಂಗ್ ತಿರುಗಿಸಿ. ಒಂದೇ ತಿರುವಿಗೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುತ್ತದೆಯೇ? ಎರಡು ಸಲ ಕೈ ಬದಲಿಸಬೇಕಾದರೆ ಅಷ್ಟರಲ್ಲಿ ಚೆಂಡು ದಾಟಿರುತ್ತದೆ. ಪೂರ್ತಿ ಝೂಮ್ ಮಾಡಿದಾಗ ಮೂತಿ ಎಷ್ಟು ಮುಂದೆ ಬರುತ್ತದೆ ನೋಡಿ. ಮುಂದಿನವರ ತಲೆ ನೆನಪಿರಲಿ. ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸನ್ನು ನೆಲದ ಕಡೆ ತಿರುಗಿಸಿ ಅಲ್ಲಾಡಿಸಿ. ಮೂತಿ ತಾನಾಗೇ ಜಾರಿದರೆ ಸವೆದಿರಬಹುದು. ಫೋಕಸ್ ಪರೀಕ್ಷೆಗೆ ಬಾಗಿಲಾಚೆ ರಸ್ತೆ ಇದೆ. ನಿಮ್ಮ ಕಡೆಗೇ ಬರುವ ಸೈಕಲ್ ಹಿಡಿಯಿರಿ. ಸತತವಾಗಿ ಹತ್ತು ಚಿತ್ರ ತೆಗೆದು, ಸವಾರನ ಮುಖ ಎಷ್ಟರಲ್ಲಿ ಸ್ಪಷ್ಟ ಇದೆ ಎಣಿಸಿ. ಏಳಕ್ಕಿಂತ ಕಡಿಮೆ ಬಂದರೆ ನಾನು ವಾಪಸ್ ಕೊಡುತ್ತೇನೆ. ಅಡ್ಡ ಹೋಗುವ ಸೈಕಲ್ ಪರೀಕ್ಷೆಯೇ ಅಲ್ಲ, ಅದನ್ನು ಯಾವ ಲೆನ್ಸಾದರೂ ಹಿಡಿಯುತ್ತದೆ.

ಲೆನ್ಸಿನ ಮೂತಿಗೆ ಹಾಕುವ ಹುಡ್ ಜೊತೆಗೇ ಕೊಳ್ಳಿ. ಪಕ್ಕದಿಂದ ಹೊಡೆಯುವ ದೀಪದ ಬೆಳಕಿಗೆ ಅದೇ ಕೊಡೆ. ಸರಿಯಾಗಿ ಕಟಕ್ ಎಂದು ಕೂರುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ನನ್ನದು ಒಂದು ಪಂದ್ಯದಲ್ಲಿ ಬಿಚ್ಚಿಕೊಂಡು, ಮೆಟ್ಟಿಲ ಮೇಲೆ ಉರುಳುತ್ತ ಮೂರು ಸಾಲು ಕೆಳಗೆ ಹೋಯಿತು. ಅಲ್ಲಿದ್ದವರು ಕೈಯಿಂದ ಕೈಗೆ ದಾಟಿಸಿ ಮೇಲೆ ಕಳಿಸಿದರು. ಹಾಕಿಕೊಂಡು ತಲೆ ಎತ್ತಿದರೆ, ನಮ್ಮ ಹುಡುಗಿ ಗೋಲು ಹೊಡೆದು ವಾಪಸ್ ಓಡುತ್ತಿದ್ದಳು.