ಉಪ್ಪುನೀರಿನ ಗದ್ದೆಗೊಂದು ಮುಖಪುಟ

ನನ್ನ ಪುಸ್ತಕದ ಹೆಸರು 'ಉಪ್ಪುನೀರಿನ ಗದ್ದೆ'. ಎರಡೇ ಪದ, ಎರಡು ಒತ್ತಕ್ಷರ. ಮುಖಪುಟ ಮಾಡಿಸಲು ನಾನು ಕರೆದ ಆನ್‌ಲೈನ್ ಸ್ಪರ್ಧೆಗೆ ಬಂದ ಮೊದಲನೆಯದನ್ನು ತೆರೆದು ನೋಡಿದರೆ ಅದರ ಮೇಲೆ ದೊಡ್ಡದಾಗಿ 'ಉಪ್‌ಪುನೀರಿನ ಗದ್‌ದೆ' ಅಂತಿತ್ತು. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತಿತ್ತು. ಡಿಸೈನರ್ ಯಾವ ದೇಶದವರೋ, ಅವರ ಕಣ್ಣಿಗೆ ಅದು ಬರೀ ಒಂದು ಚಂದದ ಆಕಾರ. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು. ಆರು ವರ್ಷ ಬರೆದ ಪುಸ್ತಕ ಅಲ್ವಾ.

ನಾನಿರುವುದು ಶಿರಸಿಯಲ್ಲಿ. ಅಘನಾಶಿನಿಯ ಒಂದು ಕವಲು ಹುಟ್ಟುವುದು ಇಲ್ಲಿನ ಶಂಕರಹೊಂಡದಲ್ಲಿ. ಹೊಳೆ ಸಮುದ್ರ ಸೇರುವ ಕುಮಟಾ ಕಡೆ ನನ್ನ ತವರು. ಅಲ್ಲಿನ ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಅದರಲ್ಲಿ ಬೆಳೆಯುವ, ಉಪ್ಪು ತಾಳುವ ಕಗ್ಗ ಭತ್ತ, ಇವೇ ಪುಸ್ತಕದ ವಸ್ತು. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ. ಕೊಯ್ಲಾದ ಮೇಲೆ ತೂಬು ತೆಗೆದರೆ ಅದೇ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ, ಜೊತೆಗೆ ಸಿಗಡಿ, ಮೀನು. 2024ರಲ್ಲಿ ಅಘನಾಶಿನಿ ಅಳಿವೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದಾಗ, ಇನ್ನು ತಡ ಮಾಡಬಾರದು ಅನ್ನಿಸಿತು. ನಾನೇ ಖರ್ಚು ಹಾಕಿ 500 ಪ್ರತಿ ಮಾಡಿಸಲು ಹೊರಟೆ.

ಪರಿಚಯದ ಕಲಾವಿದರು ನಾಲ್ಕು ತಿಂಗಳು ಬಿಡುವಿಲ್ಲ ಅಂದರು. ಆಗ ಅಣ್ಣನ ಮಗ ಈ ಸ್ಪರ್ಧೆಯ ದಾರಿ ತೋರಿಸಿದ. ನಮಗೆ ಬೇಕಾದ್ದನ್ನು ಬರೆದು ಹಾಕಬೇಕು, ಬಹುಮಾನದ ಮೊತ್ತ ಹೇಳಬೇಕು. ಎಲ್ಲೆಲ್ಲಿಂದಲೋ ಡಿಸೈನರ್‌ಗಳು ಮುಖಪುಟ ಮಾಡಿ ಕಳಿಸುತ್ತಾರೆ. ನಾವು ನಕ್ಷತ್ರ ಕೊಟ್ಟು, ತಿದ್ದುಪಡಿ ಹೇಳಿ, ಕೊನೆಗೆ ಒಂದನ್ನು ಆರಿಸುತ್ತೇವೆ. ಮೆಲ್ಬರ್ನ್‌ನಲ್ಲಿ 2008ರಲ್ಲಿ ಶುರುವಾದ 99ಡಿಸೈನ್ಸ್ ಅನ್ನುವ ತಾಣದ ಪದ್ಧತಿ ಇದು. ನಾನು ಹೋದದ್ದು ಬೇರೆ ತಾಣಕ್ಕೆ, ರೀತಿ ಮಾತ್ರ ಅದೇ. ಬಹುಮಾನ 150 ಡಾಲರ್ ಇಟ್ಟೆ, ನಮ್ಮ ಲೆಕ್ಕದಲ್ಲಿ 12,000 ರೂಪಾಯಿಗೂ ಜಾಸ್ತಿ. ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಮಾಡದೆ ದುಡ್ಡು ಹೋಗುವುದಿಲ್ಲ, ಅದಕ್ಕೇ ಅರ್ಧ ದಿನ ಹಿಡಿಯಿತು.

ಏಳು ದಿನದಲ್ಲಿ 40ಕ್ಕೂ ಹೆಚ್ಚು ಮುಖಪುಟ ಬಂದವು. ಬಹುಪಾಲು ಬೆಟ್ಟದ ಮೆಟ್ಟಿಲು ಗದ್ದೆಗಳೇ. ಕೆಲವದರಲ್ಲಿ ಬಿದಿರಿನ ಚೂಪು ಟೊಪ್ಪಿಗೆ ಹಾಕಿದ ಹೆಂಗಸರು ನಾಟಿ ಮಾಡುತ್ತಿದ್ದರು. ಗಜನಿ ಅಂದರೆ ಸಮುದ್ರದ ಮಟ್ಟದಲ್ಲೇ ಇರುವ ಚಪ್ಪಟೆ ಭೂಮಿ. ಅಲ್ಲಿ ಮೆಟ್ಟಿಲೆಲ್ಲಿ? ಆದರೆ ನಾನು ಬರೆದದ್ದನ್ನು ಮತ್ತೆ ಓದಿದಾಗ ಗೊತ್ತಾಯಿತು. 'ಕರಾವಳಿಯ ಭತ್ತದ ಕೃಷಿ ಬಗ್ಗೆ ಪುಸ್ತಕ, ಹಸಿರು ಇರಲಿ, ಗ್ರಾಮೀಣ ಸೊಗಡು ಇರಲಿ' ಅಂತಷ್ಟೇ ಇತ್ತು. ಅದನ್ನು ಓದಿದ ಯಾರೇ ಆದರೂ ಇದನ್ನೇ ಮಾಡುತ್ತಿದ್ದರು.

ಒಂದು ಚಿತ್ರ ತುಂಬ ಹಿಡಿಸಿತ್ತು. ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದೆ, ಅದೇ ಚಿತ್ರ ಬೇರೆ ಇಬ್ಬರ ಪುಸ್ತಕದ ಮೇಲೂ ಇತ್ತು. ಯಾರು ಬೇಕಾದರೂ ದುಡ್ಡು ಕೊಟ್ಟು ತೆಗೆದುಕೊಳ್ಳುವ ಸ್ಟಾಕ್ ಚಿತ್ರ. ಅದನ್ನೂ ಕೈಬಿಟ್ಟೆ.

ಒಬ್ಬರಿಗೆ ಬಹುಮಾನ ಕೊಟ್ಟೇ ಕೊಡುತ್ತೇನೆ ಅನ್ನುವ ಗ್ಯಾರಂಟಿ ಆಯ್ಕೆಯನ್ನು ನಾನು ಒತ್ತಿರಲಿಲ್ಲ, ಹಾಗಾಗಿ ಯಾರನ್ನೂ ಆರಿಸದೆ ಸ್ಪರ್ಧೆ ಮುಚ್ಚಬಹುದಿತ್ತು. ಮುಚ್ಚಿದೆ. ದುಡ್ಡು ವಾಪಸ್ ಬಂತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಷ್ಟೂ ಜನ ಕೂತು ಮಾಡಿದ ಕೆಲಸಕ್ಕೆ ಒಂದು ರೂಪಾಯಿಯೂ ಹೋಗಲಿಲ್ಲ. ಗೆದ್ದವರಿಗೆ ಮಾತ್ರ ದುಡ್ಡು ಅನ್ನುವ ಈ ಪದ್ಧತಿಯನ್ನು ಎಷ್ಟೋ ವೃತ್ತಿಪರ ಡಿಸೈನರ್‌ಗಳು ಒಪ್ಪುವುದಿಲ್ಲ. ಅವರ ಮಾತು ಸರಿ ಅಂತ ನನಗೆ ಅವತ್ತು ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಮತ್ತೊಮ್ಮೆ ಕರೆಯುವುದಾದರೆ ಗ್ಯಾರಂಟಿ ಕೊಟ್ಟೇ ಕರೆಯಬೇಕು, ಬಂದ ಪ್ರತಿ ಮುಖಪುಟಕ್ಕೂ ಉತ್ತರ ಬರೆಯಬೇಕು ಅಂತ ತೀರ್ಮಾನ ಮಾಡಿದೆ.

ಎರಡನೇ ಸಲ ಮೊದಲು ಅಕ್ಷರದ ಚಿಂತೆ ಮುಗಿಸಿದೆ. ಇಲ್ಲಿ ಮಾರಿಜಾತ್ರೆಗೆ ಬೋರ್ಡ್ ಬರೆಯುವ ಒಬ್ಬ ಪೇಂಟರ್ ಇದ್ದಾರೆ. ಅವರ ಹತ್ತಿರ ಹೋಗಿ ಹೆಸರು ಬರೆಸಿದೆ. ಚಪ್ಪಟೆ ಬ್ರಷ್ಷು, ಕಪ್ಪು ಬಣ್ಣ, ದಪ್ಪ ಬಿಳಿ ಹಾಳೆ. ಪ ಒತ್ತನ್ನು ಎಳೆಯುವಾಗ ಅವರು ಉಸಿರು ಹಿಡಿದು ಕೈಯನ್ನು ಒಂದೇ ಸಲಕ್ಕೆ ಕೆಳಗಿಳಿಸಿ ಎಡಕ್ಕೆ ತಿರುಗಿಸಿದರು. ಆ ತಿರುವಿನಲ್ಲಿ ಬಣ್ಣ ಸ್ವಲ್ಪ ತೆಳುವಾಗಿ, ಬ್ರಷ್ಷಿನ ಕೂದಲಿನ ಗೆರೆ ಕಾಣುತ್ತಿತ್ತು. ತಿದ್ದಲಾ ಅಂದರು. ಬೇಡ, ಹಾಗೇ ಇರಲಿ ಅಂದೆ. ಸ್ಕ್ಯಾನ್ ಮಾಡಿ ಹಿನ್ನೆಲೆ ತೆಗೆದು, ಇದನ್ನು ಚಿತ್ರದ ಹಾಗೆ ಇಡಿ, ಮತ್ತೆ ಟೈಪ್ ಮಾಡಬೇಡಿ ಅಂತ ಬರೆದು ಹಾಕಿದೆ. ಲೇಖಕಿ ಹೆಸರು, ಬೆನ್ನುಡಿಗಳಿಗೆ ನೋಟೋ ಸೆರಿಫ್ ಕನ್ನಡ ಅನ್ನುವ ಫಾಂಟ್ ಹೇಳಿದೆ. ಹಳೆಯ ನುಡಿ, ಬರಹ ಫಾಂಟಿನ ಫೈಲು ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಬೇರೆ ಏನೋ ಕಾಣುತ್ತದೆ. ಎಲ್ಲ ಕಂಪ್ಯೂಟರಿಗೂ ಒಂದೇ ಸಂಕೇತವಾದ ಯುನಿಕೋಡ್‌ನ ಪಠ್ಯದ ಜೊತೆಗೆ ಅದರ ಪಿಡಿಎಫ್ ಕೂಡ ಕೊಟ್ಟೆ, ಹೋಲಿಸಿ ನೋಡಲಿ ಅಂತ.

ಆಮೇಲೆ ಕುಮಟಾಕ್ಕೆ ಹೋಗಿ ಮಾಣಿಕಟ್ಟಾ ಕಡೆಯ ಗದ್ದೆಗಳಲ್ಲಿ 30 ಫೋಟೋ ತೆಗೆದೆ. ಒಡ್ಡು, ತೂಬಿನ ಹಲಗೆ, ಹಲಗೆಯ ಮೇಲೆ ನೀರು ಏರಿ ಇಳಿದ ಗುರುತು, ಉದ್ದ ಮೀಸೆಯ ಕಗ್ಗದ ತೆನೆ. ಬೇಡದ್ದನ್ನೂ ಬರೆದೆ: ಬೆಟ್ಟ ಬೇಡ, ಎತ್ತು ಬೇಡ, ಸೂರ್ಯೋದಯ ಬೇಡ.

ಈ ಸಲ ಬಂದದ್ದು 20ರ ಆಸುಪಾಸು, ಆದರೆ ನೋಡುವ ಹಾಗಿದ್ದವು. ಜಾವಾ ದ್ವೀಪದ ಕರಾವಳಿಯ ಒಬ್ಬ ಹುಡುಗಿ ಕಳಿಸಿದ್ದರಲ್ಲಿ ಮುಖಪುಟದ ತುಂಬ ಒಂದೇ ಒಂದು ತೂಬಿನ ಹಲಗೆ. ನೀರಿನ ಗುರುತಿನ ಕೆಳಗೆ ಕಂದು, ಮೇಲೆ ಹಸಿರು. ಅವರ ಊರಿನಲ್ಲೂ ಸಮುದ್ರದ ಪಕ್ಕ ಸಿಗಡಿ ಹೊಂಡಗಳಿವೆಯಂತೆ, ಅಲ್ಲೂ ಇಂಥದೇ ಹಲಗೆ ಇಳಿಬಿಡುತ್ತಾರಂತೆ. ನಾನು ಬರೆದದ್ದು ಒಂದೇ ತಿದ್ದುಪಡಿ. ಹಲಗೆಯ ಅಂಚು ತೀರಾ ನೇರ ಇದೆ, ನಮ್ಮಲ್ಲಿ ಉಪ್ಪು ತಿಂದು ಸವೆದಿರುತ್ತದೆ ಅಂತ. ಮರುದಿನ ಬೆಳಿಗ್ಗೆ ಸವೆದ ಹಲಗೆ ಬಂತು.

ಫೈಲು ಕೈಗೆ ಬರುವ ಮೊದಲು ತಾಣದಲ್ಲಿ ಇಟ್ಟ ಬಹುಮಾನದ ದುಡ್ಡನ್ನು ಗೆದ್ದವರಿಗೆ ಬಿಡಬೇಡಿ. ಎಡಿಟ್ ಮಾಡಬಹುದಾದ ಮೂಲ ಫೈಲು, ಹಕ್ಕು ಬಿಟ್ಟುಕೊಟ್ಟ ಪತ್ರ, ಚಿತ್ರ ಎಲ್ಲಿಂದ ಬಂತು ಅನ್ನುವ ಮಾತು, ಮೂರೂ ಬೇಕು. ನನ್ನದು ಡೆಮಿ 1/8 ಅಳತೆ, ಅಂಚು ಕತ್ತರಿಸಲು ಸುತ್ತ 3 ಮಿಲಿಮೀಟರ್ ಹೆಚ್ಚುವರಿ. ಬೆನ್ನಿನ ಅಗಲವನ್ನು ನಾನು ಅಂದಾಜಿನಲ್ಲಿ ಹೇಳಲಿಲ್ಲ. ಪ್ರೆಸ್ಸಿನವರು ಅದೇ ಕಾಗದದಲ್ಲಿ 180 ಪುಟದ ಖಾಲಿ ಡಮ್ಮಿ ಮಾಡಿ ಅಳೆದರು, 9 ಮಿಲಿಮೀಟರ್ ಬಂತು. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ನಮ್ಮಲ್ಲಿ ಉಚಿತ. ಅದನ್ನು ಮೊದಲೇ ತೆಗೆದಿಟ್ಟುಕೊಂಡರೆ ಬಾರ್‌ಕೋಡ್‌ಗೆ ಜಾಗ ಬಿಡಿಸುವುದು ಸುಲಭ. ಮೊಬೈಲಿನಲ್ಲಿ ಹೊಳೆಯುವ ಹಸಿರು ಅಚ್ಚಿನಲ್ಲಿ ಮಂಕಾಗುತ್ತದೆ. ಅಚ್ಚಿನ ನಾಲ್ಕು ಬಣ್ಣಗಳ ಸಿಎಂವೈಕೆ ಫೈಲಿನಿಂದ ಒಂದು ಪ್ರೂಫ್ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿಯೇ ಒಪ್ಪಿದೆ.

ಒಳಪುಟದಲ್ಲಿ ಪೇಂಟರ್ ಹೆಸರು, ಆ ಹುಡುಗಿಯ ಹೆಸರು ಒಂದರ ಕೆಳಗೆ ಒಂದು ಇವೆ. ಅಕ್ಷರದ ಕೂಲಿ ಅಂತ ಕೊಟ್ಟದ್ದನ್ನು ಪೇಂಟರ್ ಮೊದಲು ತೆಗೆದುಕೊಳ್ಳಲಿಲ್ಲ, ಪುಸ್ತಕ ಕೈಗಿಟ್ಟ ಮೇಲೆ ತೆಗೆದುಕೊಂಡರು.

ಈಗ ಬರೆಯುತ್ತಿರುವುದು ಸಾಣಿಕಟ್ಟಾದ ಉಪ್ಪಿನ ಆಗರದ ಬಗ್ಗೆ. ಸ್ಪರ್ಧೆ ಕರೆಯಲಿಲ್ಲ, ನೇರವಾಗಿ ಆ ಹುಡುಗಿಗೇ ಕೇಳಿದೆ, ಮುಂಗಡ ಕಳಿಸಿದೆ. ಉಪ್ಪಿನ ರಾಶಿ ಅಚ್ಚ ಬಿಳಿಯೋ, ಸ್ವಲ್ಪ ಮಣ್ಣಿನ ಬಣ್ಣವೋ ಅಂತ ಮೊನ್ನೆ ಕೇಳಿದ್ದಾರೆ. ಭಾನುವಾರ ಹೋಗಿ ಫೋಟೋ ತೆಗೆದು ಕಳಿಸಬೇಕು.